ಹನ್ನೊಂದು ಸಲ ರಿಪೇರಿಯಾದ ಫೋನು

ಕಳೆದ ಜುಲೈ ತಿಂಗಳಿನಿಂದ ಈ ಜನವರಿಯವರೆಗೆ ರುಕ್ಮವ್ವನ ಮನೆಯ ಫೋನು ಹನ್ನೊಂದು ಸಲ ರಿಪೇರಿಯಾಯಿತು. ಒಮ್ಮೆಯೂ ಅದರ ಗಂಟೆ ಕೇಳಿಸಲಿಲ್ಲ. ಇವೆರಡರಲ್ಲಿ ಯಾವುದು ನಿಜ ಎಂದು ಕೇಳಿದರೆ, ಯಾರನ್ನು ಕೇಳುತ್ತೀರಿ ಎಂಬುದರ ಮೇಲೆ ಉತ್ತರ ನಿಂತಿದೆ. ಮೊದಲನೆಯ ಮಾತು ಸಾಂಗಲಿಯ ಟೆಲಿಫೋನ್ ಕಚೇರಿಯ ಕಂಪ್ಯೂಟರಿನಲ್ಲಿದೆ. ಎರಡನೆಯದು ಮಿರಜದ ನಮ್ಮ ಗಲ್ಲಿಯಲ್ಲಿ ಎಲ್ಲರಿಗೂ ಗೊತ್ತಿದೆ.

ರುಕ್ಮವ್ವ ಪಥ್ಯದ ಅಡುಗೆಯವಳು. ಜತ್ತ, ಅಥಣಿ, ರಾಯಬಾಗ, ಇಂಡಿ ಕಡೆಯ ಜನ ಮಿರಜಕ್ಕೆ ಬರುವುದು ಬಹುಮಟ್ಟಿಗೆ ದವಾಖಾನೆಗೆ. ಬಂದವರು ವಾರಗಟ್ಟಲೆ ಉಳಿಯುತ್ತಾರೆ. ಡಾಕ್ಟರು ಚೀಟಿಯ ಮೇಲೆ ‘ಉಪ್ಪು ಬೇಡ’, ‘ಮೆತ್ತಗಿನ ಊಟ’ ಎಂದು ಬರೆದುಕೊಡುತ್ತಾರೆ. ಅದನ್ನು ಯಾರು, ಎಲ್ಲಿ ಬೇಯಿಸಬೇಕೆಂದು ಬರೆಯುವುದಿಲ್ಲ. ಆ ಭಾಗವನ್ನು ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ರುಕ್ಮವ್ವ ನೋಡಿಕೊಳ್ಳುತ್ತಿದ್ದಾಳೆ.

ಆಕೆಯೂ ಆ ಕಡೆಯಿಂದ ಬಂದವಳೇ. ಅಥಣಿ ಕಡೆಯ ಹಳ್ಳಿಯಿಂದ ಗಂಡ ಗಂಗಾರಾಮನೊಡನೆ ಕೂಲಿಗೆಂದು ಬಂದಳು. ಗಂಗಾರಾಮ ರೈಲು ನಿಲ್ದಾಣದ ಗೂಡ್ಸ್ ಯಾರ್ಡಿನಲ್ಲಿ ಹಮಾಲಿ ಮಾಡುತ್ತಿದ್ದ. ಒಂದು ದಿನ ಸಿಮೆಂಟಿನ ಚೀಲಗಳು ಉರುಳಿ ಅವನ ಕಾಲು ಮುರಿಯಿತು. ಒಂದೂವರೆ ತಿಂಗಳು ದವಾಖಾನೆಯಲ್ಲಿ ಮಲಗಿದ. ರುಕ್ಮವ್ವ ದವಾಖಾನೆಯ ಹಿಂದಿನ ಬಯಲಿನಲ್ಲಿ ಮೂರು ಕಲ್ಲು ಹೂಡಿ ಅವನಿಗೆ ಗಂಜಿ ಕಾಯಿಸುತ್ತಿದ್ದಳು. ಪಕ್ಕದ ಹಾಸಿಗೆಯ ಹುಡುಗನ ತಾಯಿ “ನನ್ನ ಮಗಗೂ ಒಂದೀಟ ಹೆಚ್ಚಿಗಿ ಕಾಸ ಯವ್ವಾ” ಎಂದಳು. ಆಮೇಲೆ ಅದರಾಚೆಯ ಹಾಸಿಗೆಯವರು ಕೇಳಿದರು. ಗಂಗಾರಾಮ ಕಾಲು ಎಳೆಯುತ್ತ ಮನೆಗೆ ಬರುವ ಹೊತ್ತಿಗೆ ರುಕ್ಮವ್ವ ಹದಿನೈದು ಜನಕ್ಕೆ ಅಡುಗೆ ಮಾಡುತ್ತಿದ್ದಳು.

ಫೋನು ಬಂದದ್ದು ತೊಂಬತ್ತೇಳರಲ್ಲಿ. ಅರ್ಜಿ ಹಾಕಿ ಎರಡು ವರ್ಷ ಕಾಯಬೇಕಾಗಿತ್ತು. ಅರ್ಜಿ ಬರೆದುಕೊಟ್ಟದ್ದು ನಾನು. ಆಗ ನಾನು ಇಲ್ಲಿಯ ಕನ್ನಡ ಶಾಲೆಯಲ್ಲಿ ಮಾಸ್ತರನಾಗಿದ್ದೆ, ಮನೆ ಅದೇ ಗಲ್ಲಿಯಲ್ಲಿತ್ತು, ಈಗಲೂ ಇದೆ. ಫೋನು ಬಂದ ಮೇಲೆ ಆಕೆಯ ಕೆಲಸಕ್ಕೆ ಒಂದು ಕ್ರಮ ಬಂತು. ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ವಾರ್ಡುಗಳಿಂದ ಫೋನು ಬರುತ್ತದೆ. ಹೆಸರು ಆಮೇಲೆ, ಮೊದಲು ಹಾಸಿಗೆಯ ಅಂಕಿ, ನಂತರ ಪಥ್ಯ. “ಹದಿನಾಕಕ್ಕ ಹೆಸರಬ್ಯಾಳಿ ತಿಳಿ. ಇಪ್ಪತ್ತೆರಡಕ್ಕ ಉಪ್ಪಿಲ್ಲದ ರೊಟ್ಟಿ, ಹಾಲಾಗ ನೆನಸಿ.” ರುಕ್ಮವ್ವ ಶಾಲೆಗೆ ಹೋದವಳಲ್ಲ. ಅಕ್ಷರ ಬಾರದು, ಅಂಕಿಗಳು ಮಾತ್ರ ಚೆನ್ನಾಗಿ ಬರುತ್ತವೆ. ವಾರ್ಡಿನ ಗೋಡೆಯ ಮೇಲಿನ ಹಾಸಿಗೆಯ ಅಂಕಿಗಳನ್ನು ನೋಡಿ ನೋಡಿ ತಾನೇ ಕಲಿತಳು. ಡಬ್ಬಿಯ ಮುಚ್ಚಳದ ಮೇಲೆ ಸೀಮೆಸುಣ್ಣದಿಂದ ಆ ಅಂಕಿ ಬರೆದಿಟ್ಟರೆ ಮುಗಿಯಿತು. ಇಪ್ಪತ್ತೆಂಟು ವರ್ಷಗಳಲ್ಲಿ ಉಪ್ಪಿನ ಡಬ್ಬಿ ಉಪ್ಪು ಬೇಡದವರ ಹಾಸಿಗೆಗೆ ಹೋದದ್ದು ನನಗೆ ಗೊತ್ತಿಲ್ಲ.

ಆ ಫೋನ್ ನಂಬರು ಗಡಿಯ ಆಚೆ ಈಚೆ ಎಷ್ಟು ಊರುಗಳಿಗೆ ಹೋಗಿದೆಯೋ ಹೇಳಲಾಗದು. ಗುಣವಾಗಿ ಮನೆಗೆ ಹೋಗುವವರು ಡಿಸ್ಚಾರ್ಜ್ ಕಾಗದದ ಬೆನ್ನ ಮೇಲೆ ಬರೆದುಕೊಂಡು ಹೋದರು. ಊರಿನಲ್ಲಿ ಇನ್ನೊಬ್ಬರು ಕಾಯಿಲೆ ಬಿದ್ದಾಗ ಅವರಿಗೆ ಕೊಟ್ಟರು. ಈಗ ರುಕ್ಮವ್ವನ ಹತ್ತಿರ ಸಣ್ಣ ಮೊಬೈಲೂ ಇದೆ. ಆದರೆ ಜನರ ಬಾಯಲ್ಲಿರುವುದು ಹಳೆಯ ನಂಬರು. ಮೂರನೆಯ ಗಂಟೆಗೆ ಮುಂಚೆ ಫೋನು ಎತ್ತಬೇಕೆಂಬುದು ಆಕೆಯ ನೇಮ. ಕೈಯಲ್ಲಿ ಹಿಟ್ಟಿದ್ದರೆ ಮೊಣಕೈಯಿಂದ ಎತ್ತಿ ಕಿವಿಗೆ ಒತ್ತಿಕೊಳ್ಳುವುದನ್ನು ನಾನು ನೋಡಿದ್ದೇನೆ. “ದವಾಖಾನಿಗೆ ಬಂದವರು ಹೆದರಿರ್ತಾರ್ರಿ ಮಾಸ್ತರ್ರ. ಅವರನ್ನ ಕಾಯಿಸಬಾರದು” ಎನ್ನುತ್ತಿದ್ದಳು.

ಮೂರು ವರ್ಷಗಳ ಹಿಂದೆ ಅದೇ ತಂತಿಗೆ ಇಂಟರ್ನೆಟ್ಟಿನ ಪೆಟ್ಟಿಗೆಯೂ ಸೇರಿತು. ಮೊಮ್ಮಗಳು ಕಾಜಲ ಕಾಲೇಜಿನ ಪಾಠಕ್ಕೆಂದು ಹಾಕಿಸಿದಳು. ಪೆಟ್ಟಿಗೆಯ ಮೇಲೆ ಒಂದು ಹಸಿರು ದೀಪ.

ಜುಲೈಯಲ್ಲಿ ಗಲ್ಲಿಯ ತಿರುವಿನಲ್ಲಿ ಹೊಸ ಗಟಾರ ತೋಡಿದರು. ತೋಡಿ, ಮೇಲೆ ಕಾಂಕ್ರೀಟಿನ ಹಾಸು ಮುಚ್ಚಿದರು. ಮರುದಿನ ಪೆಟ್ಟಿಗೆಯ ಹಸಿರು ದೀಪ ಕೆಂಪಾಯಿತು, ಫೋನು ಮೂಕವಾಯಿತು. ಕಾಜಲ ತನ್ನ ಮೊಬೈಲಿನಿಂದ ತಕರಾರು ದಾಖಲಿಸಿ ಕಾಲೇಜಿಗೆ ಹೋದಳು. ಅದರ ಮರುದಿನ ಮಧ್ಯಾಹ್ನ ಲೈನ್‌ಮನ್ ಪ್ರತಾಪ ಮಳೆಯಲ್ಲಿ ತೊಯ್ದುಕೊಂಡು ಬಂದ. ಕವಲಾಪುರದವನು, ನಲವತ್ತು ದಾಟಿದವನು, ಕಂತ್ರಾಟಿನ ನೌಕರ. ಅವನ ತಾಯಿ ಸಲಗರೆಯವಳಾದ್ದರಿಂದ ಕನ್ನಡ ಬರುತ್ತದೆ.

ಅವನು ಫೋನನ್ನು ಎತ್ತಿ ನೋಡಿದ, ಇಟ್ಟ. “ಕಾಕು, ನಿಮ್ಮ ಮೊಬೈಲಿಗೆ ನಾಕ ಅಂಕಿ ಬಂದಿರ್ತಾವ. ಅವನ್ನ ಹೇಳ್ರಿ.”

“ಎದಕ್ಕಪಾ?”

“ನಾ ಬಂದ ಹೋದೆ ಅಂತ ಮ್ಯಾಲಿನವರಿಗೆ ತಿಳೀಬೇಕಲ್ರಿ. ಅದಿಲ್ಲಂದ್ರ ನನ್ನ ಹೆಸರಿನ ಮುಂದ ಕೆಂಪ ಗುರ್ತ ಬೀಳ್ತದ.”

“ಮತ್ತ ಫೋನು?”

“ಲೈನ್ ಮುಂದ ಎಲ್ಲೋ ಕಟ್ ಆಗೇದ. ಆಗ್ತದ ಕಾಕು, ನಾಳಿ ನಾಡದ.”

ರುಕ್ಮವ್ವನ ಬಾಗಿಲಿಗೆ ಬಂದವರು ಬರಿಗೈಯಲ್ಲಿ ಹೋಗುವ ರೂಢಿ ಇಲ್ಲ. ಹಾಸಿಗೆಯ ಅಂಕಿ ಇಲ್ಲದವರೂ ಆ ಮನೆಯಲ್ಲಿ ಉಂಡು ಹೋಗುತ್ತಾರೆ. ಮಳೆಯಲ್ಲಿ ಬಂದವನು ಕೇಳುತ್ತಿರುವುದಾದರೂ ಏನು? ನಾಲ್ಕು ಅಂಕಿ. ಆಕೆ ಮೊಬೈಲು ತೆರೆದು ಒಂದೊಂದಾಗಿ ಓದಿ ಹೇಳಿದಳು. ಶಾಲೆಗೆ ಹೋಗದ ತಾನು ಅಂಕಿ ಓದಿದೆನೆಂಬ ಸಂತೋಷವೂ ಇದ್ದಿರಬೇಕು. ಒಂದು ಕಪ್ ಚಹಾ ಕೊಟ್ಟು ಕಳಿಸಿದಳು.

ನಾಳೆಯೂ ಆಗಲಿಲ್ಲ, ನಾಡಿದ್ದೂ ಆಗಲಿಲ್ಲ. ಮತ್ತೆ ತಕರಾರು, ಮತ್ತೆ ಪ್ರತಾಪ, ಮತ್ತೆ ನಾಲ್ಕು ಅಂಕಿ, ಮತ್ತೆ ಚಹಾ. ಒಮ್ಮೊಮ್ಮೆ ಅವನು ಮನೆಗೂ ಬರುತ್ತಿರಲಿಲ್ಲ. ತಿರುವಿನಲ್ಲಿ ಮೋಟಾರ್ ಸೈಕಲ್ ನಿಲ್ಲಿಸಿ ಮೊಬೈಲಿಗೆ ಫೋನು ಮಾಡಿ ಕೇಳುತ್ತಿದ್ದ. ಆಕೆ ಒಲೆಯ ಮುಂದೆ ಕುಳಿತೇ ಹೇಳಿಬಿಡುತ್ತಿದ್ದಳು. ಬಿಲ್ಲು ಮಾತ್ರ ತಿಂಗಳು ತಪ್ಪದೆ ಬರುತ್ತಿತ್ತು.

ಫೋನು ಕೆಟ್ಟಿದೆ ಎಂದು ರುಕ್ಮವ್ವ ವಾರ್ಡಿನ ಆಯಾಗಳಿಗೆ ಹೋಗಿ ಹೇಳಿಬಂದಳು. ಹತ್ತಿರದವರು ಮೊಬೈಲಿಗೆ ಮಾಡತೊಡಗಿದರು. ಉಳಿದವರು ಬೇರೆ ವ್ಯವಸ್ಥೆ ಮಾಡಿಕೊಂಡಿರಬೇಕು ಎಂದುಕೊಂಡಳು. ಕೆಟ್ಟ ಫೋನಿಗೆ ಕರೆ ಮಾಡಿದರೆ ಕೆಟ್ಟಿದೆ ಎಂದು ತಿಳಿಯುತ್ತದೆ ಎಂಬುದು ಆಕೆಯ ನಂಬಿಕೆ. ನನ್ನದೂ ಅದೇ ಆಗಿತ್ತು. ಅದು ಸುಳ್ಳೆಂದು ನಮಗೆ ತಿಳಿಸಿದವರು ಮ್ಹೈಸಾಳದ ಲಕ್ಷ್ಮೀಬಾಯಿ.

ಅದು ಸಪ್ಟೆಂಬರಿನ ಮಾತು. ರುಕ್ಮವ್ವ ಡಬ್ಬಿಗಳ ಚೀಲ ಹಿಡಿದು ವಾರ್ಡಿನ ಮೆಟ್ಟಿಲು ಹತ್ತುತ್ತಿದ್ದಾಗ ಲಕ್ಷ್ಮೀಬಾಯಿ ಎದುರಾದರು. ಹಿಂದೊಮ್ಮೆ ಅವರ ಅತ್ತೆಗೆ ಎಂಟು ದಿನ ಡಬ್ಬಿ ಹೋಗಿತ್ತು. ಈ ಸಲ ಗಂಡನಿಗೆ ಹೊಟ್ಟೆಯ ಆಪರೇಷನ್ ಆಗಿತ್ತು.

“ಬರ್ರಿ ರುಕ್ಮವ್ವಾ, ಬರ್ರಿ! ದೊಡ್ಡವರ ದರ್ಶನ ಆತು” ಎಂದರು ಲಕ್ಷ್ಮೀಬಾಯಿ. “ನಾಕ ದಿನ ಆತು, ಮುಂಜಾನೆದ್ದ ಕೂಡಲೆ ಫೋನ್ ಹಚ್ಚತೀನಿ. ರಿಂಗ್ ಹೋಗ್ತದ, ಹೋಗ್ತದ, ನಿಮಗ ಎತ್ತಾಕ ವ್ಯಾಳ್ಯಾ ಇಲ್ಲ. ಶ್ರೀಮಂತ ಗಿರಾಕಿ ಸಿಕ್ಕಾವೇನು?”

“ರಿಂಗ್ ಹೋಗ್ತೈತ್ರ್ಯಾ?”

“ಕಿವಿಯಿಂದ ಕೇಳೇನಿ ನಾ! ಮನ್ಯಾಗ ಕುಂತ ಫೋನ್ ನೋಡ್ಕೋತ ಇದ್ರಿ ಅನಸ್ತದ.”

ರುಕ್ಮವ್ವ ಮೆಟ್ಟಿಲಿನ ಮೇಲೆ ಚೀಲ ಇಟ್ಟು ಅಲ್ಲಿಯೇ ಕುಳಿತಳಂತೆ. ಆಗ ಆಕೆಗೆ ಅರ್ಥವಾಯಿತು. ಮನೆಯಲ್ಲಿ ಫೋನು ಸತ್ತು ಬಿದ್ದಿದ್ದರೂ ಕರೆ ಮಾಡಿದವರ ಕಿವಿಗೆ ಗಂಟೆ ಕೇಳಿಸುತ್ತದೆ. ಜುಲೈಯಿಂದ ಎಷ್ಟೋ ಊರುಗಳ ಎಷ್ಟೋ ಜನ ಆ ಗಂಟೆಯನ್ನು ಕೇಳುತ್ತ ಕಾದಿದ್ದಾರೆ. ಅವರ ಮಟ್ಟಿಗೆ ಫೋನು ಸರಿಯಾಗಿದೆ, ಕೆಟ್ಟವಳು ರುಕ್ಮವ್ವ.

ಅಂದಿನಿಂದ ಆಕೆಯ ಮುಖ ಬೇರೆಯಾಯಿತು. ಕಾಜಲಳ ಬೆನ್ನು ಹತ್ತಿ ಮೇಲಿಂದ ಮೇಲೆ ತಕರಾರು ಹಾಕಿಸಿದಳು. ಪ್ರತಾಪನೂ ಬಂದ. ಆಕೆಯೂ ಅಂಕಿ ಕೊಟ್ಟಳು. ತಕರಾರು ಹೆಚ್ಚಾದಷ್ಟೂ ಅಂಕಿ ಕೊಡುವುದು ಹೆಚ್ಚಾಯಿತು.

ಜನವರಿ ಹತ್ತರಂದು ಕಚೇರಿಯಿಂದ ಒಂದು ಪತ್ರ ಬಂತು. ಆರು ತಿಂಗಳಿನಿಂದ ಈ ಫೋನಿನಲ್ಲಿ ಒಳಕರೆಯೂ ಹೊರಕರೆಯೂ ಇಲ್ಲದ ಕಾರಣ ತಿಂಗಳ ಕೊನೆಗೆ ನಂಬರನ್ನು ಹಿಂದಕ್ಕೆ ಪಡೆಯಲಾಗುವುದು ಎಂದು ಅದರಲ್ಲಿ ಬರೆದಿತ್ತು. ನಾನೂ ಅಲ್ಲಿದ್ದೆ; ಕಾಜಲ ಗಟ್ಟಿಯಾಗಿ ಓದಿದಳು. ರುಕ್ಮವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ನಂಬರ ಹೋದ್ರ ನಾ ಹೋದಂಗ” ಎಂದಳು. ಆಕೆ ಅತ್ತದ್ದನ್ನು ನಾನು ನೋಡಿಲ್ಲ, ಅಂದೂ ಅಳಲಿಲ್ಲ. ಆದರೆ ತವೆಯ ಮೇಲಿನ ರೊಟ್ಟಿ ಕರಿಯಾಯಿತು.

ಹನ್ನೊಂದು ಸಲ ತಕರಾರು ಕೊಟ್ಟ ಮೇಲೂ ಹೀಗೇಕೆ ಎಂದು ಕಾಜಲ ಅಜ್ಜಿಯ ಮೊಬೈಲಿನ ಹಳೆಯ ಸಂದೇಶಗಳನ್ನು ತೆರೆದಳು. ನಾಲ್ಕು ಅಂಕಿಗಳ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು ಇತ್ತು: ದೋಷ ನಿವಾರಣೆಯಾಗಿ ನಿಮಗೆ ಸಮಾಧಾನವಾಗಿದ್ದರೆ ಮಾತ್ರ ಈ ಅಂಕಿಗಳನ್ನು ಹೇಳಿರಿ.

“ಆಜೀ! ಹೇ ಕಾಯ ಕೇಲಸ ತೂ?” ಎಂದು ಹುಡುಗಿ ಮರಾಠಿಯಲ್ಲಿ ಕೂಗಿ, ಆಮೇಲೆ ತನಗೆ ಬರುವ ಕನ್ನಡದಲ್ಲಿ ಹೇಳಿದಳು: “ಏನ್ ಮಾಡಿ ಇಟ್ಟಿ ನೀ? ಫೋನ್ ನೀಟ ಆತು, ನಾ ಖುಷ್ ಅದೀನಿ ಅಂತ ಹನ್ನೊಂದ ಸಲ ಹೇಳಿದಿ!”

“ಅವನ ಹಾಜರಿ ಅಂದಿದ್ದ ಅಂವಾ…”

ಹೊಸ್ತಿಲ ಮೇಲೆ ಕುಳಿತಿದ್ದ ಗಂಗಾರಾಮ ಬಿಡುವವನಲ್ಲ. “ಬಂದಾಗೊಮ್ಮೆ ಚಹಾ ಕೊಟ್ಟಳು, ಹನ್ನೊಂದ ಸಲ ಅಂಕಿ ಕೊಟ್ಟಳು. ರುಮಾಲ ಸುತ್ತಿ ಆಹೇರ ಮಾಡೂದೊಂದ ಉಳದಿತ್ತು, ಮಾಸ್ತರ!”

“ನೀವೇನ್ ಕಮ್ಮಿ?” ಎಂದಳು ರುಕ್ಮವ್ವ. “ಬಂದಾಗೊಮ್ಮೆ ಅಂವಗ ನಿಮ್ಮ ಎಲಿ ಅಡಕಿ ಚೀಲ ಮುಂದ ಮಾಡಿದವರು ಯಾರು?”

ಗಂಗಾರಾಮ ಬೀದಿಯ ಕಡೆ ನೋಡಿದ.

ಮರುದಿನ ನಾನೂ ರುಕ್ಮವ್ವನೂ ವಡಾಪಿನ ಜೀಪು, ಅಂದರೆ ಸೀಟು ತುಂಬಿದ ಮೇಲೆ ಹೊರಡುವ ಬಾಡಿಗೆ ಜೀಪು, ಹತ್ತಿ ಸಾಂಗಲಿಗೆ ಹೋದೆವು. ಕಚೇರಿಯ ಅಧಿಕಾರಿ ಶಂತನು ಎಂಬ ತರುಣ. ಮರಾಠಿಯಲ್ಲಿ ಮೃದುವಾಗಿ ಮಾತನಾಡುತ್ತಾನೆ. ಅವನ ಮಾತನ್ನು ನಾನು ಕನ್ನಡದಲ್ಲಿಯೇ ಬರೆಯುತ್ತೇನೆ. ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿದ.

“ನಿಮ್ಮ ಲೈನು ಸರಿಯಾಗಿದೆ. ಹನ್ನೊಂದು ತಕರಾರು, ಹನ್ನೊಂದೂ ನಿಮ್ಮ ಒಪ್ಪಿಗೆಯಿಂದಲೇ ಮುಗಿದಿವೆ.”

“ಲೈನು ಸರಿಯಾಗಿದ್ದರೆ ನಂಬರು ಏಕೆ ಕಿತ್ತುಕೊಳ್ಳುತ್ತೀರಿ?” ಎಂದೆ.

“ನೀವು ಬಳಸುತ್ತಿಲ್ಲವಲ್ಲ. ಆರು ತಿಂಗಳಿನಿಂದ ಒಂದು ಕರೆಯೂ ಇಲ್ಲ.”

“ಕರೆ ಇಲ್ಲದ್ದು ಲೈನು ಕೆಟ್ಟಿದ್ದರಿಂದ.”

“ಕೆಟ್ಟಿಲ್ಲವೆಂದು ನೀವೇ ಹೇಳಿದ್ದೀರಿ. ಹನ್ನೊಂದು ಸಲ.”

ಒಬ್ಬನೇ ಮನುಷ್ಯ, ಒಂದೇ ಕುರ್ಚಿಯಲ್ಲಿ ಕುಳಿತು, ಒಂದೇ ಉಸಿರಿನಲ್ಲಿ ಈ ಎರಡು ಮಾತುಗಳನ್ನು ಆಡಬಲ್ಲನೆಂದು ನಾನು ಕಣ್ಣಾರೆ ನೋಡದಿದ್ದರೆ ನಂಬುತ್ತಿರಲಿಲ್ಲ. ಅವನಿಗೆ ನಾಚಿಕೆಯೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ಪರದೆಯ ಮೇಲೆ ಹಾಗಿದೆ. ಆದ್ದರಿಂದ ಜಗತ್ತಿನಲ್ಲಿಯೂ ಹಾಗಿದೆ.

ರುಕ್ಮವ್ವ ಅವನ ಮೇಜಿನ ಮೇಲಿನ ಫೋನನ್ನು ತೋರಿಸಿದಳು. “ಸಾಹೇಬ್ರ, ಇಲ್ಲಿಂದ ನಮ್ಮ ಮನಿಗೆ ಹಚ್ಚಿ ನೋಡ್ರಿ.” ಇದನ್ನು ಆಕೆ ಮರಾಠಿಯಲ್ಲಿಯೇ ಹೇಳಿದಳು. ಅವನು ಹಚ್ಚಿದ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದ. ಗಂಟೆ ಚೆನ್ನಾಗಿ ಹೋಗುತ್ತಿತ್ತು.

“ನೋಡಿ, ರಿಂಗ್ ಆಗುತ್ತಿದೆ” ಎಂದ ಅವನು, ಕೆಲಸ ಮುಗಿದವನಂತೆ.

ರುಕ್ಮವ್ವ ತನ್ನ ಮೊಬೈಲಿನಿಂದ ಮಗ ಭೂಷಣನ ಮೊಬೈಲಿಗೆ ಹಚ್ಚಿದಳು. ಕುಪವಾಡದ ಕಾರಖಾನೆಯಲ್ಲಿ ಅವನಿಗೆ ಅಂದು ಎರಡನೆಯ ಪಾಳಿ, ಮನೆಯಲ್ಲಿದ್ದ. ಅವನ ಕೈಯಿಂದ ಗಂಗಾರಾಮ ಮೊಬೈಲು ಕಸಿದುಕೊಂಡ.

“ಫೋನ್ ಬಾರಸ್ತೈತೇನ್ರಿ?” ಎಂದು ಕೇಳಿದಳು ರುಕ್ಮವ್ವ.

“ಯಾವ ಫೋನು? ಇಲ್ಲಿ ಕುಕ್ಕರ್ ಬಿಟ್ಟರ ಯಾವುದೂ ಬಾಯಿ ತಗದಿಲ್ಲ” ಎಂಬ ಗಂಗಾರಾಮನ ಧ್ವನಿ ನಮಗೂ ಕೇಳಿಸಿತು. ಮೇಜಿನ ಮೇಲೆ ಗಂಟೆ ಹೋಗುತ್ತಲೇ ಇತ್ತು.

ಶಂತನು ಕರೆಯನ್ನು ನಿಲ್ಲಿಸಿದ. “ಹಾಗಿದ್ದರೆ ನಿಮ್ಮ ಫೋನಿನ ಉಪಕರಣ ಹಳೆಯದಾಗಿರಬಹುದು” ಎಂದ.

ರುಕ್ಮವ್ವ ಮರಾಠಿ ಬಲ್ಲವಳು, ಪೇಟೆಯಲ್ಲಿ ದಿನವೂ ಆಡುವವಳು. ಸಿಟ್ಟು ಬಂದಾಗ ಮಾತ್ರ ಆಕೆಗೆ ಕನ್ನಡವೇ ಬರುತ್ತದೆ. “ಹಳೀದು ನಾನೂ ಆಗೇನಿ, ಸಾಹೇಬ್ರ. ಕರದ್ರ ಓ ಅಂತೀನಿ! ಆರ ತಿಂಗಳ ಆತು, ಜನ ನನ್ನ ಬಾಗಲಾ ಬಡ್ಯಾಕತ್ಯಾರ, ನನಗ ಕೇಳವಲ್ದು. ನಾ ಕಿವಡಿ ಅಲ್ಲ, ನೀವ ನನ್ನ ಕಿವ್ಯಾಗ ಕಲ್ಲ ಹಾಕೀರಿ!”

ಅಧಿಕಾರಿಗೆ ಅದು ತಿಳಿಯಲಿಲ್ಲ. ಪಕ್ಕದ ಮೇಜಿನ ಹುಡುಗಿಗೆ ತಿಳಿಯಿತು. ಅವಳ ಎದೆಯ ಮೇಲಿನ ಬಿಲ್ಲೆಯಲ್ಲಿ ರಸಿಕಾ ಎಂದಿತ್ತು. ನಾವು ಹೊರಗೆ ಬಂದಾಗ ನೀರು ಕುಡಿಯುವ ನೆಪದಲ್ಲಿ ಹಿಂದೆಯೇ ಬಂದಳು. ಮನೆಯಲ್ಲಿ ಕನ್ನಡ ಆಡುವವಳಂತೆ. ಮಾತಿನಲ್ಲಿ ಮರಾಠಿಯೇ ಹೆಚ್ಚು.

“ಮಾವಶಿ, ಇವತ್ತ ಇನ್ನೊಂದ ತಕರಾರು ಹಾಕ್ರಿ. ತಕರಾರು ಉಘಡಾ ಇರೂತನಾ, ಮುಗೀದ ಇರೂತನಾ, ನಂಬರ ಕಡ್ಯಾಕ ಬರೂದಿಲ್ಲ. ಓಟಿಪಿ ಮಾತ್ರ ಯಾರ ಕೇಳಿದ್ರೂ ದ್ಯಾಯಚಾ ನಾಹೀ. ಕೊಡಬ್ಯಾಡ್ರಿ. ಮೂರ ದಿನಕ್ಕ ಮ್ಯಾಲಿನ ಸಾಹೇಬರಿಗೆ ಹೋಗ್ತದ, ಏಳ ದಿನಕ್ಕ ಪುಣೆದ ದೊಡ್ಡ ಆಫೀಸಿಗೆ.”

“ಮತ್ತ ಆ ಪ್ರತಾಪಗ?”

ರಸಿಕಾ ನೆಲ ನೋಡಿದಳು. “ಅವನ ಹೆಸರಿಗೆ ಕೆಂಪ ಬೀಳ್ತದ.”

ಜೀಪು ವಿಶ್ರಾಮಬಾಗ ದಾಟುವಾಗ ರುಕ್ಮವ್ವ ನನ್ನ ಕಡೆ ತಿರುಗಿದಳು. “ಅಂಥಾ ಕಾಯದೆ ಯಾವ ಪುಣ್ಯಾತ್ಮ ಮಾಡ್ಯಾನ್ರಿ ಮಾಸ್ತರ್ರ? ನಾ ಒಬ್ಬ ಬಡವನ ಹೊಟ್ಟಿ ಮ್ಯಾಲೆ ಕಾಲ ಇಟ್ಟರನ ನನ್ನ ಫೋನ್ ನೀಟ ಆಗಬೇಕೇನು?” ಎಂದಳು. ನನಗೂ ಸಿಟ್ಟು ಬಂತು. ಒಬ್ಬನ ತಪ್ಪನ್ನು ಮುಚ್ಚಲು ಇನ್ನೊಬ್ಬಳ ದಯೆಯನ್ನು ಬಳಸಿಕೊಳ್ಳುವ ಏರ್ಪಾಡನ್ನು ಯಾರೋ ಓದಿದವರೇ ಕುಳಿತು ಮಾಡಿರಬೇಕು.

ಹನ್ನೆರಡನೆಯ ತಕರಾರು ಅಂದೇ ಹೋಯಿತು. ಮರುದಿನ ಮಧ್ಯಾಹ್ನ ಪ್ರತಾಪ ಬಂದ. ರುಕ್ಮವ್ವ ಮಣೆ ಹಾಕಿ, ತಾಟಿನಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಬಡಿಸಿದಳು.

“ಉಣ್ಣು. ಅಂಕಿ ಕೊಡಂಗಿಲ್ಲ.”

ಪ್ರತಾಪ ನಕ್ಕ. ಚೇಷ್ಟೆ ಎಂದುಕೊಂಡಿರಬೇಕು. “ಕಾಕು, ಚೇಷ್ಟಾ ಮಾಡಬ್ಯಾಡ್ರಿ. ಇನ್ನ ಆರ ಮನಿ ಅದಾವ.”

“ಆ ಆರ ಮನ್ಯಾಗೂ ಹಿಂಗ ಮಾಡ್ತೀಯೇನು? ತಂತಿ ಎಲ್ಲಿ ಹರದೈತಿ, ಹೇಳು.”

ಅವನು ತುತ್ತನ್ನು ತಾಟಿನಲ್ಲಿ ಇಟ್ಟ. “ತಿರುವಿನ ಗಟಾರದ ಹಾಸಿನ ಕೆಳಗ” ಎಂದ.

“ಯಾವಾಗಿಂದ ಗೊತ್ತೈತಿ?”

“ಜುಲೈದಿಂದ.”

ರುಕ್ಮವ್ವ ಕೇಳಿದಳು: “ಎಷ್ಟ ಸಲ ನನ್ನ ಮನ್ಯಾಗ ಚಹಾ ಕುಡದಿ. ಒಂದ ಸಲ ಹೇಳಬೇಕಂತ ಬಾಯಿ ಬರಲಿಲ್ಲೇನೊ?”

“ಬರದ ಕೊಟ್ಟೀನಿ ಕಾಕು, ದೇವರಾಣಿ! ಹಾಸು ಒಡ್ಯಾಕ ಮಹಾನಗರಪಾಲಿಕೆ ಪರವಾನಗಿ ಬೇಕು. ಅದನ್ನ ಸಾಹೇಬರು ತರಬೇಕು. ಅವರು, ‘ಅದು ಆಮ್ಯಾಲೆ, ಮದ್ಲ ತಕರಾರು ಮುಗಸು’ ಅಂತಾರ. ನಾ ಏನ್ ಮಾಡ್ಲಿ? ನನಗೂ ಎರಡ ಮಕ್ಕಳು ಅದಾವ.”

“ಮಕ್ಕಳಿಗೆ ಒಂದ ಡಬ್ಬಿ ಕಟ್ಟತೀನಿ, ಒಯ್ಯಿ. ಅಂಕಿ ಮಾತ್ರ ಕೊಡಂಗಿಲ್ಲ.”

ಅವನು ಬೇಡಿಕೊಂಡ. ಆಮೇಲೆ ಸಿಟ್ಟು ಮಾಡಿ ಎದ್ದು ಹೋದ. ಊಟ ಅರ್ಧಕ್ಕೇ ಉಳಿಯಿತು. ರುಕ್ಮವ್ವನ ಮನೆಯಲ್ಲಿ ಯಾರಾದರೂ ಅರ್ಧ ಊಟ ಬಿಟ್ಟು ಎದ್ದದ್ದು ಅದೇ ಮೊದಲು. ಆ ತಾಟನ್ನು ಆಕೆ ಸಂಜೆಯವರೆಗೆ ಎತ್ತಲಿಲ್ಲ.

ಅಂದಿನಿಂದ ದಿನಕ್ಕೆ ಮೂರು ಸಲ ನಾಲ್ಕು ಅಂಕಿಯ ಸಂದೇಶ ಬರತೊಡಗಿತು. ಪ್ರತಾಪ ಮೊಬೈಲಿಗೆ ಮಾಡಿ “ಕಾಕು, ನನ್ನ ನೌಕರಿ…” ಎನ್ನುವನು. ಯಾವುದೋ ದೂರದ ಹುಡುಗಿ ಹಿಂದಿಯಲ್ಲಿ ಸಮಾಧಾನವಾಯಿತೇ ಎಂದು ಕೇಳುವಳು. “ಅಂವಾ ಅತ್ತಂಗ ಮಾತಾಡ್ತಾನ್ರಿ” ಎಂದು ಐದನೆಯ ದಿನ ಆಕೆ ನನ್ನ ಮುಂದೆ ಹೇಳಿದಳು. ಅಂದು ಕೊಟ್ಟುಬಿಡುತ್ತಾಳೆ ಎಂದೇ ನಾನು ತಿಳಿದೆ. ಕೊಡಲಿಲ್ಲ. ಮೊಬೈಲನ್ನು ಕಾಜಲಳ ಕೈಗೆ ಕೊಟ್ಟು, “ನನ್ನ ಕೈಯಾಗ ಕೊಡಬ್ಯಾಡ. ನಾ ಕೆಟ್ಟಾಕಿ ಅದೀನಿ, ಹೇಳಿಬಿಡ್ತೀನಿ” ಎಂದಳು.

ಎಂಟನೆಯ ದಿನ ಪುಣೆಯಿಂದ ಯಾರೋ ಬೈದಿರಬೇಕು. ಬೆಳಿಗ್ಗೆ ಹತ್ತಕ್ಕೆ ಸಂಮೇದ ಎಂಬ ಮೇಲ್ವಿಚಾರಕರು ಬಂದರು. ಹಿಂದೆ ಪ್ರತಾಪ, ಗುದ್ದಲಿ ಹಿಡಿದ ಇಬ್ಬರು ಆಳುಗಳು. ಕೈಯಲ್ಲಿ ಪಾಲಿಕೆಯ ಪರವಾನಗಿ. ಹಾಸು ಒಡೆದರು. ಕೆಳಗೆ ತಂತಿ ಕತ್ತರಿಸಿ ಬಿದ್ದಿತ್ತು. ಪ್ರತಾಪ ಕೆಸರಿನಲ್ಲಿ ಮಂಡಿಯೂರಿ ಕುಳಿತು ಜೋಡಿಸಿದ. ಹನ್ನೊಂದು ಗಂಟೆ ಹೊಡೆಯುವ ಮೊದಲು ಪೆಟ್ಟಿಗೆಯ ದೀಪ ಹಸಿರಾಯಿತು. ಒಂದು ಗಂಟೆಯೂ ಹಿಡಿಯದ ಕೆಲಸ. ಇದಕ್ಕೆ ಆರು ತಿಂಗಳು, ಹನ್ನೊಂದು ಸುಳ್ಳು, ಒಂದು ನೋಟೀಸು.

ಸಂಮೇದರು ತಮ್ಮ ಮೊಬೈಲಿನಿಂದ ಹಚ್ಚಿದರು. ಫೋನು ಗಂಟೆ ಬಾರಿಸಿತು. ರುಕ್ಮವ್ವ ಓಡಿ ಎತ್ತಲಿಲ್ಲ. ಎರಡು ಸಲ ಬಾರಿಸಿದ್ದನ್ನು ಕೇಳಿಸಿಕೊಂಡು ಎತ್ತಿದಳು.

“ಆತಲ್ರಿ ಅಕ್ಕಾ? ನಂಬರ ನಿಮ್ಮ ಹೆಸರಿಗೇ ಉಳೀತು” ಎಂದರು ಸಂಮೇದರು. ಶಿರೋಳ ಕಡೆಯವರಂತೆ, ಕನ್ನಡ ಮನೆಮಾತು. ಒಂದು ಕಾಗದ ಮುಂದೆ ಮಾಡಿದರು. ಪುಣೆಗೆ ಹೋದ ತಕರಾರಾದ್ದರಿಂದ ಸಹಿಯೂ ಬೇಕಂತೆ. “ಸೇವಾ ಸಮಾಧಾನಕಾರಕ ಅದ ಅಂತ ಇಲ್ಲಿ ಅದ, ಇಲ್ಲಿ ಸಹಿ ಮಾಡ್ರಿ.”

“ಸಾಹೇಬ್ರ, ಆರ ತಿಂಗಳದಾಗ ನನಗ ಯಾರ್‍ಯಾರು ಫೋನ್ ಹಚ್ಚಿದ್ರು, ಅವರ ಹೆಸರ ಕೊಡ್ರಿ.”

“ಅದು ಹ್ಯಾಂಗ ಸಿಗತದ್ರಿ? ಲೈನ್ ಕಟ್ ಇತ್ತಲ್ಲ. ಬರದ ಕರೆ ಎಲ್ಲಿಂದ ನೋಂದಣಿ ಆಗಬೇಕು?”

“ನಿಮ್ಮ ಕಡೆ ನನ್ನ ಅಂಕಿ ಹನ್ನೊಂದೂ ಅದಾವ. ಅವರದೊಂದೂ ಇಲ್ಲ?”

ಸಂಮೇದರು ಕಾಗದವನ್ನು ಸರಿಪಡಿಸಿಕೊಂಡರು. ರುಕ್ಮವ್ವ ಪ್ರತಾಪನ ಕಡೆ ತಿರುಗಿದಳು. ಅವನ ಮೊಣಕಾಲಿನಿಂದ ಕೆಸರು ಸೋರುತ್ತಿತ್ತು. ಕಾಜಲಳಿಂದ ಮೊಬೈಲು ತೆಗೆದುಕೊಂಡು ನಾಲ್ಕು ಅಂಕಿಗಳನ್ನು ತಾನೇ ಓದಿ ಅವನಿಗೆ ಹೇಳಿದಳು. “ಇದು ನೀ ಇವತ್ತ ಮಾಡಿದ ಕೆಲಸಕ್ಕ.” ಆಮೇಲೆ ಕಾಗದವನ್ನು ನನ್ನ ಮುಂದೆ ಇಟ್ಟಳು. “ಮಾಸ್ತರ್ರ, ಆ ಸಾಲ ಹೊಡದ ಹಾಕ್ರಿ. ಫೋನ್ ನೀಟ ಆಗೈತಿ, ಸಮಾಧಾನ ಆಗಿಲ್ಲ ಅಂತ ಬರೀರಿ.”

“ಅಕ್ಕಾ, ಹಂಗ ಬರದ್ರ ಅದು ಮುಗ್ಯಾಂಗಿಲ್ಲ” ಎಂದರು ಸಂಮೇದರು.

“ಮುಗೀಬಾರದು.”

ನಾನು ಬರೆದೆ, ಮರಾಠಿಯಲ್ಲಿಯೂ ಕನ್ನಡದಲ್ಲಿಯೂ. ರುಕ್ಮವ್ವ ಹೆಬ್ಬೆಟ್ಟು ಒತ್ತಿದಳು.

ತಿಂಗಳೊಳಗೆ ಪ್ರತಾಪನನ್ನು ಜತ್ತದ ಕಡೆಗೆ ಹಾಕಿದರು. ತಕರಾರನ್ನು ಎಂಟು ದಿನ ಬಾಕಿ ಇರಿಸಿದ ತಪ್ಪಿಗೆ. ಪರವಾನಗಿಯನ್ನು ಆರು ತಿಂಗಳು ತರದವರಿಗೆ ಏನೂ ಆಗಲಿಲ್ಲ. ಹೋಗುವ ಹಿಂದಿನ ದಿನ ಅವನು ಬಂದು, ಅಂದು ಬಿಟ್ಟ ಊಟವನ್ನು ಪೂರ್ತಿ ಮಾಡಿ ಹೋದ. ಅವನ ವಿಷಯವಾಗಿ ನಾವು ಪುಣೆಗೆ ಬರೆದ ಕಾಗದಕ್ಕೆ ಇನ್ನೂ ಉತ್ತರವಿಲ್ಲ.

ಈಗ ಬೆಳಿಗ್ಗೆ ಫೋನು ಬಂದರೆ ರುಕ್ಮವ್ವ ಹಾಸಿಗೆಯ ಅಂಕಿಯನ್ನು ಮೊದಲು ಕೇಳುವುದಿಲ್ಲ. “ಮದ್ಲ ಯಾವಾಗರೆ ಹಚ್ಚಿದ್ರೇನ್ರಿ? ಮಳಗಾಲದಾಗ? ದಸರಾಕ್ಕ? ನಾ ಎತ್ತಲಿಲ್ಲೇನು?” ಎಂದು ಕೇಳುತ್ತಾಳೆ. ಹೆಚ್ಚಿನವರು ಇಲ್ಲವೆನ್ನುತ್ತಾರೆ. ಆದರೂ ಗಟಾರದ ಕಥೆಯನ್ನೆಲ್ಲ ಹೇಳುತ್ತಾಳೆ. “ಬ್ಯಾಳಿ ಸೀದ ಹೊಂಟೈತಿ, ಪುರಾಣ ಸಾಕ ಮಾಡ” ಎಂದು ಗಂಗಾರಾಮ ಹೊಸ್ತಿಲಿನಿಂದ ಕೂಗುತ್ತಾನೆ.

ಮೊನ್ನೆ ನಾನು ಅಲ್ಲಿದ್ದಾಗ ಸಲಗರೆಯಿಂದ ರೇವಪ್ಪ ಎಂಬುವನ ಫೋನು ಬಂತು. ರುಕ್ಮವ್ವ ಎಂದಿನಂತೆ ಕೇಳಿದಳು. ಅವನು ಹೌದೆಂದ. ದಸರೆಯ ಹೊತ್ತಿಗೆ ಅವನ ತಂದೆಗೆ ಆಪರೇಷನ್ ಆಗಿತ್ತಂತೆ. ಎರಡು ದಿನ ಹತ್ತು ಸಲ ಹಚ್ಚಿದನಂತೆ. ಕೊನೆಗೆ ಹೊರಗಿನ ಅನ್ನ, ಖಾರದ ಸಾರು ತಂದು ಉಣಿಸಿದ; ಮುದುಕ ಇನ್ನೂ ಒಂದು ವಾರ ಹೆಚ್ಚಾಗಿ ಮಲಗಬೇಕಾಯಿತು.

“ಈಗ ಆರಾಮ ಅದಾರೇನು?”

ಆರಾಮ ಇದ್ದಾರೆ, ತಪಾಸಣೆಗೆ ಸೋಮವಾರ ಬರುತ್ತೇವೆ ಎಂದನಂತೆ.

“ಮದ್ಲ ನಮ್ಮ ಮನಿಗೆ ಕರಕೊಂಡ ಬಾ. ಉಪ್ಪ ನಡೀತೈತೋ ಇಲ್ಲೋ ಡಾಕ್ಟರಿಗೆ ಕೇಳ್ಕೊಂಡ ಬಾ” ಎಂದು ಹೇಳಿ ಫೋನು ಇಟ್ಟಳು. ಒಲೆ ಸಣ್ಣ ಮಾಡಿದಳು. ನನ್ನ ಎದುರಿಗೆ ಬಂದು ಕುಳಿತು, ಸೆರಗಿನಿಂದ ಕೈ ಒರೆಸಿಕೊಂಡಳು.

“ಮಾಸ್ತರ್ರ, ಪುಣೆಕ್ಕ ಇನ್ನೊಂದ ಕಾಗದ ಬರೀರಿ. ಆಗ ಫೋನ್ ಹಚ್ಚಿದವರೊಳಗ ಒಬ್ಬಂವ ಸಿಕ್ಕಾನ ಅಂತ ಬರೀರಿ. ರೇವಪ್ಪ, ಸಲಗರಿ. ಅವನ ಅಪ್ಪನ ಹೆಸರ ಸೋಮವಾರ ಕೇಳಿ ಹೇಳ್ತೀನಿ, ಜಾಗಾ ಬಿಡ್ರಿ.”